ಕಾಯುವ ನಿರ್ಧಾರವನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು: ನವಜಾತ ಶಿಶು ಘಟಕದಲ್ಲಿ ಪಿಡಿಎ ಕಲಿಸಿದ್ದು

ಇಪ್ಪತ್ತೆಂಟು ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಕೇಸ್ ಶೀಟಿನಲ್ಲಿ ಮೂರನೆಯ ಅಥವಾ ನಾಲ್ಕನೆಯ ದಿನದ ಹೊತ್ತಿಗೆ ‘ಪಿಡಿಎ’ (ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್, ಅಂದರೆ ಹುಟ್ಟಿದ ಮೇಲೂ ಮುಚ್ಚದೆ ಉಳಿದ, ಹೃದಯದ ಬಳಿಯ ಒಂದು ರಕ್ತನಾಳ) ಎಂದು ಬರೆಯದೆ ಇರುವುದೇ ಅಪರೂಪ. ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಉಸಿರಾಟದ ಕೆಲಸ ಇರುವುದಿಲ್ಲವಾದ್ದರಿಂದ ಹೃದಯದ ಬಲಭಾಗದಿಂದ ಹೊರಟ ರಕ್ತದ ಹೆಚ್ಚಿನ ಪಾಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ಕಿರುನಾಳದ ಮೂಲಕ ನೇರವಾಗಿ ಮಹಾಪಧಮನಿಯನ್ನು ಸೇರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗು ಉಸಿರಾಡತೊಡಗಿದಂತೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ನಾಳವನ್ನು ತೆರೆದಿಡುವ, ಮಾಸಿನಿಂದ ಬರುತ್ತಿದ್ದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ನಿಲ್ಲುತ್ತದೆ, ಎರಡು ಮೂರು ದಿನಗಳಲ್ಲಿ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನಲ್ಲಿ ಆ ನಾಳದ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಪ್ರೊಸ್ಟಗ್ಲಾಂಡಿನ್‌ಗೆ ಅದರ ಸಂವೇದನೆಯೂ ಹೆಚ್ಚು. ಹಾಗಾಗಿ ಅದು ತೆರೆದೇ ಉಳಿದು, ಶ್ವಾಸಕೋಶದ ಒತ್ತಡ ಇಳಿದಂತೆಲ್ಲ ಮಹಾಪಧಮನಿಯ ರಕ್ತ ಹಿಂದಕ್ಕೆ ಶ್ವಾಸಕೋಶದೊಳಗೆ ನುಗ್ಗತೊಡಗುತ್ತದೆ.

ತೆರೆದಿರುವುದನ್ನು ಮುಚ್ಚಬೇಕು ಎಂಬ ತರ್ಕ ನಮ್ಮ ವೃತ್ತಿಯಲ್ಲಿ ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆದುಬಂದಿದೆ. 1938ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಡಕ್ಟಸ್ಸನ್ನು ದಾರದಿಂದ ಕಟ್ಟಿ ಯಶಸ್ವಿಯಾದದ್ದು ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲೇ ಒಂದು ತಿರುವು. 1976ರಲ್ಲಿ ಇಂಡೊಮೆಥಾಸಿನ್ ಎಂಬ ಔಷಧದಿಂದಲೂ ಪುಟ್ಟ ಶಿಶುಗಳಲ್ಲಿ ಅದನ್ನು ಮುಚ್ಚಬಹುದೆಂದು ಎರಡು ತಂಡಗಳು ತೋರಿಸಿಕೊಟ್ಟವು. ಆಮೇಲೆ ಐಬುಪ್ರೊಫೆನ್ ಬಂತು, 2011ರಿಂದೀಚೆಗೆ ಪ್ಯಾರಾಸಿಟಮಾಲ್ ಕೂಡ ಸೇರಿಕೊಂಡಿತು. ನಾನು ತರಬೇತಿ ಪಡೆಯುತ್ತಿದ್ದ ದಿನಗಳಲ್ಲಿ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಡಕ್ಟಸ್ ತೆರೆದಿರುವುದು ಕಂಡಿತೆಂದರೆ ಔಷಧದ ಆರ್ಡರ್ ಅದರ ಬೆನ್ನಿಗೇ ಹೋಗುತ್ತಿತ್ತು. ಮುಚ್ಚಿದರೆ ಎಲ್ಲರಿಗೂ ಸಮಾಧಾನ, ಮುಚ್ಚದಿದ್ದರೆ ಎರಡನೆಯ ಕೋರ್ಸ್.

ಆದರೆ ನಾಳ ಮುಚ್ಚಿದ ಮಾತ್ರಕ್ಕೆ ಮಗುವಿಗೆ ಒಳ್ಳೆಯದಾಯಿತೇ ಎಂದು ಕೇಳಿದ ಅಧ್ಯಯನಗಳು ಬೇರೆಯದೇ ಉತ್ತರ ಕೊಟ್ಟವು. 2001ರಲ್ಲಿ ಪ್ರಕಟವಾದ ಟಿಐಪಿಪಿ ಅಧ್ಯಯನದಲ್ಲಿ, ಒಂದು ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಮುನ್ನೆಚ್ಚರಿಕೆಯಾಗಿ ಇಂಡೊಮೆಥಾಸಿನ್ ಕೊಟ್ಟಾಗ ಪಿಡಿಎ ಕಡಿಮೆಯಾಯಿತು, ಮಿದುಳಿನ ತೀವ್ರ ರಕ್ತಸ್ರಾವವೂ ಕಡಿಮೆಯಾಯಿತು. ಹದಿನೆಂಟು ತಿಂಗಳಿಗೆ ನೋಡಿದರೆ ಅಂಗವೈಕಲ್ಯವಿಲ್ಲದೆ ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಯುರೋಪಿನ ಬೆನೆಡಕ್ಟಸ್ ಅಧ್ಯಯನ 28 ವಾರದೊಳಗಿನ 273 ಶಿಶುಗಳಲ್ಲಿ ಬೇಗನೆ ಐಬುಪ್ರೊಫೆನ್ ಕೊಡುವುದನ್ನೂ ಕಾದು ನೋಡುವುದನ್ನೂ ಹೋಲಿಸಿತು. ಸಾವು, ಕರುಳಿನ ಗೋಡೆ ಉರಿಯೂತದಿಂದ ಕೊಳೆಯುವ ಎನ್‌ಇಸಿ ಕಾಯಿಲೆ, ಶ್ವಾಸಕೋಶದ ದೀರ್ಘಕಾಲದ ಹಾನಿ ಇವುಗಳಲ್ಲಿ ಯಾವುದಾದರೊಂದು ಉಂಟಾದವರು ಔಷಧದ ಗುಂಪಿನಲ್ಲಿ ಶೇ 63.5, ಕಾದ ಗುಂಪಿನಲ್ಲಿ ಶೇ 46.3. 2024ರಲ್ಲಿ ಬ್ರಿಟನ್ನಿನ ಬೇಬಿ ಆಸ್ಕರ್ ಅಧ್ಯಯನ 653 ಶಿಶುಗಳನ್ನು ಸೇರಿಸಿಕೊಂಡು, ಒಂದೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಡಕ್ಟಸ್‌ಗೆ ಮೊದಲ 72 ಗಂಟೆಯೊಳಗೆ ಐಬುಪ್ರೊಫೆನ್ ಕೊಟ್ಟರೂ ಸಾವು ಅಥವಾ ಶ್ವಾಸಕೋಶದ ಹಾನಿ ತಗ್ಗಲಿಲ್ಲ ಎಂದು ಹೇಳಿತು. ಕಾದ ಗುಂಪಿನಲ್ಲೂ ಕೆಲವು ಶಿಶುಗಳಿಗೆ ಮುಂದೆ ಔಷಧ ಬೇಕಾಯಿತು ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ಯಾರಿಗೂ ಯಾವತ್ತೂ ಔಷಧ ಬೇಡ ಎಂದು ಅವು ಹೇಳುವುದಿಲ್ಲ.

ಈ ತಿಳಿವಳಿಕೆ ಪುಸ್ತಕದಿಂದ ವಾರ್ಡಿಗೆ ಇಳಿದಾಗ ಎದುರಾದ ತೊಡಕು ಬೇರೆ ಬಗೆಯದು, ನಾನು ಹೇಳಬೇಕಾಗಿರುವುದೂ ಅದನ್ನೇ. ಔಷಧ ಕೊಡುವ ನಿರ್ಧಾರಕ್ಕೆ ಕೇಸ್ ಶೀಟಿನಲ್ಲಿ ಒಂದು ಜಾಗವಿದೆ: ಹೆಸರು, ಪ್ರಮಾಣ, ಸಮಯ, ಸಹಿ. ಕಾಯುವ ನಿರ್ಧಾರಕ್ಕೆ ಅಂಥ ಜಾಗವೇ ಇಲ್ಲ. ಬೆಳಗಿನ ರೌಂಡ್ಸ್‌ನಲ್ಲಿ ‘ಸದ್ಯಕ್ಕೆ ನೋಡೋಣ’ ಎಂದು ಬಾಯಿಮಾತಿನಲ್ಲಿ ಮುಗಿದ ನಿರ್ಧಾರ ಸಂಜೆಯ ಹ್ಯಾಂಡೋವರ್‌ನಲ್ಲಿ ‘ಪಿಡಿಎ ಇದೆ’ ಎಂಬುದಕ್ಕೆ ಇಳಿದು, ರಾತ್ರಿ ಪಾಳಿಯ ಡಾಕ್ಟರಿಗೆ ತಲುಪುವ ಹೊತ್ತಿಗೆ ಯಾರೋ ಮರೆತ ಕೆಲಸದಂತೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬರೇ ನಿಂತು ಸ್ಟೆತಸ್ಕೋಪ್ ಇಟ್ಟವರಿಗೆ ಮರ್ಮರ್ (ಹೃದಯ ಬಡಿತದ ಜೊತೆಗಿನ ಹೆಚ್ಚುವರಿ ಸದ್ದು) ಹಗಲಿಗಿಂತ ಜೋರಾಗಿಯೇ ಕೇಳಿಸುತ್ತದೆ. ಅವರು ಔಷಧ ಶುರುಮಾಡಿದರೆ ನಾನು ಅವರನ್ನು ದೂರಲಾರೆ.

ಉದಾಹರಣೆಗೆ, 26 ವಾರಕ್ಕೆ ಹುಟ್ಟಿದ, 840 ಗ್ರಾಂ ತೂಕದ ಒಂದು ಶಿಶು. ನಾಲ್ಕನೆಯ ದಿನ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಮೇಲಿದೆ, ಆಮ್ಲಜನಕ ಶೇ 28. ಅಂಗೈಗೆ ಬೆರಳು ತಾಗಿಸಿದರೆ ಅಲ್ಲೂ ನಾಡಿ ತಟ್ಟುತ್ತದೆ. ರಕ್ತದೊತ್ತಡದ ಕೆಳಗಿನ ಅಂಕಿ ಇಪ್ಪತ್ತರ ಒಳಗಿದೆ. ಎಕೋದಲ್ಲಿ ಡಕ್ಟಸ್ 1.8 ಮಿಲಿಮೀಟರ್, ಎಡ ಹೃತ್ಕರ್ಣ ಸ್ವಲ್ಪ ಹಿಗ್ಗಿದೆ, ಆದರೆ ಕೆಳಕ್ಕಿಳಿಯುವ ಮಹಾಪಧಮನಿಯಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿಲ್ಲ. ಮೂತ್ರ ಚೆನ್ನಾಗಿ ಹೋಗುತ್ತಿದೆ, ತಾಯಿಯ ಹಾಲು ಟ್ಯೂಬಿನ ಮೂಲಕ ಹನಿಹನಿಯಾಗಿ ಹೋಗುತ್ತಿದೆ, ಹೊಟ್ಟೆ ಮೆದುವಾಗಿದೆ. ಇಂಥ ಮಗುವಿಗೆ ನಾವು ಔಷಧ ಕೊಡುವುದಿಲ್ಲ. ಆದರೆ ಆರ್ಡರ್ ಪುಟದಲ್ಲಿ, ಔಷಧ ಬರೆಯುವ ಅದೇ ಜಾಗದಲ್ಲಿ, ಹೀಗೆ ಬರೆಯುತ್ತೇವೆ: ‘ಪಿಡಿಎಗೆ ಸದ್ಯ ಔಷಧ ಬೇಡವೆಂದು ನಿರ್ಧರಿಸಲಾಗಿದೆ. ಸಿಪ್ಯಾಪ್ ಒತ್ತಡ 6. ಕೇಳದೆ ದ್ರವ ಹೆಚ್ಚಿಸಬೇಡಿ. ಮುಂದಿನ ಎಕೋ 48 ಗಂಟೆಗೆ. ಆಮ್ಲಜನಕ ಶೇ 40 ದಾಟಿದರೆ, ವೆಂಟಿಲೇಟರ್ ಬೇಕಾದರೆ, ಮೂತ್ರ ಗಂಟೆಗೆ ಕಿಲೋಗೆ 1 ಮಿಲಿಲೀಟರ್‌ಗಿಂತ ಇಳಿದರೆ, ಹಾಲು ನಿಲ್ಲಿಸಬೇಕಾಗಿ ಬಂದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ.’ ಕೆಳಗೆ ಸಹಿ ಮತ್ತು ಸಮಯ. ಈ ಅಂಕಿಗಳು ನಮ್ಮ ಘಟಕ ಕೂತು ಒಪ್ಪಿಕೊಂಡ ಗಡಿಗಳು. ಬೇರೆ ಘಟಕ ಬೇರೆ ಗಡಿ ಇಟ್ಟುಕೊಳ್ಳಬಹುದು. ಗಡಿಯೊಂದು ಬರಹದಲ್ಲಿ ಇರಬೇಕು ಎಂಬಷ್ಟೇ ನನ್ನ ಹಟ.

ಇದರಿಂದ ಮೊದಲು ಅನುಕೂಲವಾದದ್ದು ಸಿಸ್ಟರ್‌ಗಳಿಗೆ. ಮೂತ್ರದ ಲೆಕ್ಕ, ಹೊಟ್ಟೆಯ ಸುತ್ತಳತೆ, ಉಸಿರು ನಿಂತು ನಿಂತು ಬರುವ ಎಪ್ನಿಯಾಗಳ ಎಣಿಕೆ ಎಲ್ಲವನ್ನೂ ಅವರು ಮೊದಲೂ ಬರೆಯುತ್ತಿದ್ದರು. ಯಾವ ಅಂಕಿಗೆ ಯಾರನ್ನು ಎಬ್ಬಿಸಬೇಕು ಎಂಬುದು ಈಗ ಅವರ ಕೈಯಲ್ಲಿದೆ. ಡಕ್ಟಸ್ ದೊಡ್ಡದಾಗಿದ್ದರೂ ಮೊದಲ ದಿನಗಳಲ್ಲಿ ಮರ್ಮರ್ ಕೇಳಿಸದೆ ಇರಬಹುದಾದ್ದರಿಂದ, ಸ್ಟೆತಸ್ಕೋಪಿಗಿಂತ ಅವರ ಚಾರ್ಟೇ ಎಷ್ಟೋ ಸಲ ಮೊದಲು ಸುಳಿವು ಕೊಡುತ್ತದೆ.

ಗಡಿ ದಾಟಿದಾಗ ಔಷಧ ಕೊಡಲೇಬೇಕು, ತಡಮಾಡಬಾರದು. ಅದಕ್ಕೆ ಮುನ್ನ ಒಮ್ಮೆ ನಿಂತು ನೋಡುವ ಸಂಗತಿಗಳಿವೆ: ಪ್ಲೇಟ್‌ಲೆಟ್ ಐವತ್ತು ಸಾವಿರಕ್ಕಿಂತ ಮೇಲಿದೆಯೇ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರುತ್ತಿದೆಯೇ, ಎಲ್ಲಾದರೂ ರಕ್ತಸ್ರಾವವಿದೆಯೇ, ಹೊಟ್ಟೆ ಉಬ್ಬಿದೆಯೇ, ಕಾಮಾಲೆ ಹೆಚ್ಚಿದೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಈ ನಾಳವನ್ನೇ ನಂಬಿ ಬದುಕಿರುವ ಜನ್ಮಜಾತ ಹೃದ್ರೋಗವೇನೂ ಇಲ್ಲವೆಂದು ಎಕೋ ಖಚಿತಪಡಿಸಿದೆಯೇ. ಅಂಥ ಮಗುವಿನಲ್ಲಿ ಡಕ್ಟಸ್ ಮುಚ್ಚುವುದೆಂದರೆ ಜೀವಕ್ಕೇ ಅಪಾಯ. ಮಗುವಿಗೆ ಬೇರೆ ಕಾರಣಕ್ಕೆ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅದರ ಜೊತೆಗೆ ಇಂಡೊಮೆಥಾಸಿನ್ ಸೇರಿಸಬಾರದು. ಕರುಳು ತೂತಾಗುವ ಸಾಧ್ಯತೆ ಹೆಚ್ಚುತ್ತದೆ.

ಪ್ರಮಾಣದ ವಿಷಯದಲ್ಲಿ ತುಸು ಹೆಚ್ಚೇ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಈ ಔಷಧಗಳನ್ನು ಬಹುಮಟ್ಟಿಗೆ ಸಿರಪ್ ರೂಪದಲ್ಲಿ ಟ್ಯೂಬಿನ ಮೂಲಕವೇ ಕೊಡುತ್ತೇವೆ. ಐಬುಪ್ರೊಫೆನ್ ಮೊದಲ ದಿನ ಕಿಲೋಗೆ 10 ಮಿಲಿಗ್ರಾಂ, ಮುಂದಿನ ಎರಡು ದಿನ ಐದೈದು. ಐದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ಒಂದು ಕಿಲೋ ಮಗುವಿಗೆ ಅದು ಅರ್ಧ ಮಿಲಿಲೀಟರ್, ಆಮೇಲೆ ಕಾಲು ಮಿಲಿಲೀಟರ್. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ ಸಾಮಾನ್ಯವಾಗಿ ಮೂರು ದಿನ. ತೊಡಕಿರುವುದು ಬಾಟಲಿಯಲ್ಲಿ: ಐದು ಮಿಲಿಲೀಟರಿಗೆ 125 ಮಿಲಿಗ್ರಾಂನ ಸಿರಪ್ ಆದರೆ ಒಂದು ಕಿಲೋ ಮಗುವಿಗೆ 0.6 ಮಿಲಿಲೀಟರ್, ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 0.15 ಮಾತ್ರ. ಔಷಧದಂಗಡಿಯವರು ಸಿರಪ್ ಬದಲು ಡ್ರಾಪ್ಸ್ ಕೊಟ್ಟದ್ದು ಗಮನಕ್ಕೆ ಬಾರದೆ ಅದೇ 0.6 ಎಳೆದರೆ ನಾಲ್ಕು ಪಟ್ಟು ಔಷಧ ಒಳಗೆ ಹೋಗುತ್ತದೆ. ಆದ್ದರಿಂದ ಆರ್ಡರ್‌ನಲ್ಲಿ ಮಿಲಿಲೀಟರ್ ಮಾತ್ರ ಬರೆಯುವುದಕ್ಕೆ ನಮ್ಮ ಘಟಕದಲ್ಲಿ ಅವಕಾಶವಿಲ್ಲ; ಮಿಲಿಗ್ರಾಂ ಬರೆದು, ಯಾವ ಬಾಟಲಿ ಎಂದು ಬರೆದು, ಒಂದು ಮಿಲಿಲೀಟರಿನ ಸಿರಿಂಜಿನಲ್ಲಿ ಇಬ್ಬರು ಸಿಸ್ಟರ್ ನೋಡಿದ ಮೇಲೆಯೇ ಕೊಡಬೇಕು.

ಮನೆಯವರ ಜೊತೆಗಿನ ಮಾತು ಇನ್ನೊಂದು ಕೆಲಸ. ‘ಹೃದಯದಲ್ಲಿ ತೂತಂತೆ, ಮತ್ತೆ ಔಷಧ ಯಾಕೆ ಕೊಡ್ತಿಲ್ಲ ಡಾಕ್ಟ್ರೇ?’ ಎಂದು ಅಜ್ಜಿಯೊಬ್ಬರು ಬಾಗಿಲಲ್ಲೇ ತಡೆದು ಕೇಳಿದರು. ಊರು ಕಾಲುವೆಯ ಕಡೆಯದೆಂದು ಗೊತ್ತಿದ್ದುದರಿಂದ ಅದನ್ನೇ ಹಿಡಿದು ಹೇಳಿದೆ: ‘ಮೇಲಿನ ತೂಬು ತೆರೆದೇ ಇದ್ದರೆ ಕೊನೇ ಗದ್ದೆಗೆ ನೀರು ಕಡಿಮೆ ಆಗುತ್ತಲ್ಲ ಅಮ್ಮಾ, ಹಾಗೆ. ಸದ್ಯ ಕೊನೇ ಗದ್ದೆಗೂ ನೀರು ಹೋಗ್ತಾ ಇದೆ. ಕಡಿಮೆಯಾದ ದಿನ ಔಷಧ ಕೊಡ್ತೀವಿ.’ ಅವರ ಮುಂದಿನ ಪ್ರಶ್ನೆ ನನ್ನದಕ್ಕಿಂತ ಚುರುಕಾಗಿತ್ತು: ‘ಕಡಿಮೆಯಾಗಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?’ ಆಗ ಆರ್ಡರ್ ಪುಟದಲ್ಲಿದ್ದುದನ್ನು ಒಂದೊಂದಾಗಿ ಓದಿ ಹೇಳಿದೆ. ಮಾರನೆಯ ದಿನದಿಂದ ತಾಯಿಯೇ ಸಿಸ್ಟರ್ ಬಳಿ ‘ಇವತ್ತು ಒಂದಕ್ಕೆ ಸರಿಯಾಗಿ ಹೋಗಿದೆಯಾ?’ ಎಂದು ವಿಚಾರಿಸತೊಡಗಿದರು.

ಎಷ್ಟು ದಿನ ಕಾಯಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಔಷಧವಿಲ್ಲದೆ ಬಿಟ್ಟ ಶಿಶುಗಳಲ್ಲಿ ಡಕ್ಟಸ್ ಮುಚ್ಚಲು ಹಿಡಿದ ಮಧ್ಯಾಂಕ ಅವಧಿ (ಅರ್ಧದಷ್ಟು ಶಿಶುಗಳಲ್ಲಿ ಮುಚ್ಚುವಷ್ಟು ಹೊತ್ತು) 30 ವಾರ ದಾಟಿದವರಲ್ಲಿ 6 ದಿನ, 26 ಮತ್ತು 27 ವಾರದವರಲ್ಲಿ 13 ದಿನ, 26 ವಾರದೊಳಗಿನವರಲ್ಲಿ 71 ದಿನ. ಈ ಕೊನೆಯ ಗುಂಪಿನ ತಾಯ್ತಂದೆಯರಿಗೆ ‘ಒಂದು ವಾರ ನೋಡೋಣ’ ಎಂದು ಹೇಳುವುದು ನ್ಯಾಯವಲ್ಲ. ಔಷಧಕ್ಕೂ ಮಣಿಯದೆ, ವೆಂಟಿಲೇಟರ್ ಬಿಡಲೂ ಆಗದೆ ಉಳಿಯುವ ಕೆಲವೇ ಶಿಶುಗಳಿಗೆ ಎದೆ ತೆರೆದು ಕಟ್ಟುವ ಶಸ್ತ್ರಚಿಕಿತ್ಸೆಯೊಂದೇ ದಾರಿ ಎನ್ನುವ ಕಾಲ ಈಗಿಲ್ಲ. 700 ಗ್ರಾಂ ತೂಕದ ಶಿಶುವಿಗೂ ತೊಡೆಯ ರಕ್ತನಾಳದ ಮೂಲಕ ಕೂರಿಸಬಹುದಾದ ಪಿಕೊಲೊ ಎಂಬ ಸಾಧನಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿದೆ. ಅದನ್ನು ಮಾಡಬಲ್ಲ ಕೈಗಳು ಎಲ್ಲ ಊರಲ್ಲೂ ಇಲ್ಲ, ಹಾಗಾಗಿ ಯಾವ ಕೇಂದ್ರಕ್ಕೆ ಯಾವಾಗ ಕಳುಹಿಸಬೇಕು ಎಂಬುದನ್ನೂ ಮೊದಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಡಕ್ಟಸ್ ತೆರೆದೇ ಇದ್ದು ಮನೆಗೆ ಹೋಗುವ ಶಿಶುಗಳ ಡಿಸ್ಚಾರ್ಜ್ ಕಾರ್ಡಿನಲ್ಲೂ ನಾವು ಅದೇ ಕ್ರಮ ಇಟ್ಟುಕೊಂಡಿದ್ದೇವೆ: ಮುಂದಿನ ಎಕೋದ ತಾರೀಖು, ಎಲ್ಲಿ ಮಾಡಿಸಬೇಕು ಎಂಬುದು, ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ ಅಥವಾ ತೂಕ ಏರದಿದ್ದರೆ ತಾರೀಖಿಗೆ ಕಾಯದೆ ಬರಬೇಕು ಎಂಬ ಸೂಚನೆ, ಎಲ್ಲವೂ ಕನ್ನಡದಲ್ಲಿ.