ತಂಗಿಯ ಮನೆಯಲ್ಲಿ ರಾತ್ರಿ ಪಾಳಿ

ನನ್ನ ತಂಗಿಯ ಮಗನಿಗೆ ಹುಟ್ಟಿನಿಂದಲೇ ಗ್ಲೈಕೋಜನ್ ಸಂಗ್ರಹ ಕಾಯಿಲೆ, ಅದರಲ್ಲೂ ಮೊದಲನೆಯ ಬಗೆಯದು, ಇದೆ. ಸುಮಾರು ಒಂದು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ಅಪರೂಪದ ಕಾಯಿಲೆ ಇದು. ನಾವು ಉಂಡದ್ದರಲ್ಲಿ ಮಿಕ್ಕ ಸಕ್ಕರೆಯನ್ನು ಯಕೃತ್ತು ಗ್ಲೈಕೋಜನ್ ಆಗಿ ಕೂಡಿಟ್ಟುಕೊಂಡು, ಹೊಟ್ಟೆ ಬರಿದಾದಾಗ ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಈ ಮಕ್ಕಳಲ್ಲಿ ಕೂಡಿಡುವ ಕೆಲಸ ಸರಿಯಾಗಿಯೇ ನಡೆಯುತ್ತದೆ, ಬಿಡುವ ಕೆಲಸ ನಡೆಯುವುದಿಲ್ಲ. ಅದಕ್ಕೆ ಬೇಕಾದ ಕಿಣ್ವವೇ ಇಲ್ಲವೆಂಬುದನ್ನು ವಿಜ್ಞಾನಿಗಳಾದ ಕೋರಿ ದಂಪತಿ 1952ರಲ್ಲಿ ಕಂಡುಹಿಡಿದರು. ಆದರೆ ಆ ಕಿಣ್ವವನ್ನು ಔಷಧಿಯಾಗಿ ಕೊಡುವ ದಾರಿ ಇಂದಿಗೂ ಇಲ್ಲ. ಹೀಗಾಗಿ ಮೂರು ನಾಲ್ಕು ಗಂಟೆ ಹೊಟ್ಟೆಗೇನೂ ಬೀಳದಿದ್ದರೆ ಮಗುವಿನ ರಕ್ತದ ಸಕ್ಕರೆ ಕುಸಿದು, ಫಿಟ್ಸ್ ಬರುವ ಮಟ್ಟಕ್ಕೂ ಹೋಗಬಹುದು.

ಇದಕ್ಕಿರುವ ಮುಖ್ಯ ಮದ್ದು ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಅಡುಗೆಮನೆಯಲ್ಲಿ ಕಾರ್ನ್‌ಫ್ಲೋರ್ ಎನ್ನುವ ಬಿಳಿಯ ಹಿಟ್ಟನ್ನು ಬೇಯಿಸದೆ, ಹಸಿಯಾಗಿಯೇ ನೀರಿನಲ್ಲಿ ಕದಡಿ ಕುಡಿಸಬೇಕು. ಹಸಿ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತ ಗಂಟೆಗಟ್ಟಲೆ ಗ್ಲೂಕೋಸ್ ಬಿಡುತ್ತಿರುತ್ತದೆ. ಬಿಸಿ ಮಾಡಿದರೆ ಬೇಗ ಕರಗಿ ಆ ಗುಣ ಹೊರಟುಹೋಗುತ್ತದೆ. ಇದರ ಉಪಯೋಗವನ್ನು ವೈದ್ಯರು ಪ್ರಕಟಿಸಿದ್ದು 1984ರಲ್ಲಿ. ಅದಕ್ಕೂ ಮೊದಲು ಇಂಥ ಮಕ್ಕಳಿಗೆ ರಾತ್ರಿಯಿಡೀ ಮೂಗಿನ ಕೊಳವೆಯಿಂದ ಆಹಾರ ಹರಿಸಬೇಕಾಗುತ್ತಿತ್ತು, ತೀರ ಎಳೆಯ ಕೂಸುಗಳಿಗೆ ಈಗಲೂ ಹಾಗೆ ಮಾಡುವುದುಂಟು. ಮದ್ದು ಅಗ್ಗದ್ದು, ನಿಜ. ಅದನ್ನು ಹೊತ್ತು ತಪ್ಪದೆ ಕುಡಿಸಲು ಎಚ್ಚರವಿರುವ ಮನುಷ್ಯರು ಬೇಕು, ಹಗಲೂ ರಾತ್ರಿಯೂ, ವರ್ಷಾನುಗಟ್ಟಲೆ.

ತಂಗಿಯೂ ಅವಳ ಗಂಡನೂ ಸರದಿಯ ಮೇಲೆ ಏಳುತ್ತಿದ್ದರು. ಒಬ್ಬರು ಎದ್ದಾಗ ಇನ್ನೊಬ್ಬರಿಗೂ ಎಚ್ಚರವಾಗುತ್ತಿದ್ದುದರಿಂದ ಆ ಸರದಿ ಹೆಸರಿಗಷ್ಟೇ ಇತ್ತು. ನಾವು ಬಂಧುಗಳು ಆಗಾಗ ಹೋಗಿ, ಮಗುವಿಗೆ ಆಟಿಕೆ ಕೊಟ್ಟು, ಧೈರ್ಯ ಹೇಳಿ ಬರುತ್ತಿದ್ದೆವು. ಒಂದು ಸಂಜೆ ಅವಳು ಹಿಟ್ಟು ತೂಗುತ್ತ ತೂಗುತ್ತಲೇ ತಕ್ಕಡಿಯ ಮುಂದೆ ತೂಕಡಿಸಿದ್ದನ್ನು ಕಂಡ ಮೇಲೆ, ಒಂದು ರಾತ್ರಿಯನ್ನು ನನಗೆ ಬಿಟ್ಟುಕೊಡುವಂತೆ ಕೇಳಿದೆ. ಅವಳು ಕೂಡಲೇ ಒಪ್ಪಲಿಲ್ಲ. "ಅಕ್ಕಾ, ನೀನು ಬಂದು ಮಲಗಿದರೆ ಸಾಲದು, ಕಲಿಯಬೇಕಾಗುತ್ತದೆ" ಎಂದಳು. ಆ ಮಾತು ಆಗ ತುಸು ಚುಚ್ಚಿದರೂ ಸರಿಯಾದ ಮಾತೇ ಆಗಿತ್ತು.

ಹಾಗಾಗಿ ಕೆಲವು ಸಂಜೆ ಅವಳ ಕಣ್ಣೆದುರೇ ಕಲಿತೆ. ವೈದ್ಯರು ಮಗುವಿನ ತೂಕ ನೋಡಿ ಗೊತ್ತುಪಡಿಸಿದಷ್ಟು ಗ್ರಾಂ ಹಿಟ್ಟನ್ನು ಡಿಜಿಟಲ್ ತಕ್ಕಡಿಯಲ್ಲಿಯೇ ತೂಗಬೇಕು, ಚಮಚದ ಅಂದಾಜು ನಡೆಯದು. ಕದಡಿ ಹಾಗೇ ಇಟ್ಟರೆ ಹಿಟ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಮಗು ಮೇಲಿನ ನೀರನ್ನಷ್ಟೇ ಕುಡಿದು ಮಲಗಿಬಿಡಬಹುದು. ಆದ್ದರಿಂದ ಕುಡಿಸುವಾಗ ಮತ್ತೆ ಮತ್ತೆ ಅಲುಗಿಸಿ, ಕೊನೆಗೆ ಲೋಟಕ್ಕೆ ಒಂದಿಷ್ಟು ನೀರು ಹಾಕಿ ತೊಳೆದು ಅದನ್ನೂ ಕುಡಿಸಬೇಕು. ಬೆರಳು ಚುಚ್ಚಿ ಗ್ಲೂಕೋಮೀಟರ್ ನೋಡುವುದನ್ನೂ ಕಲಿತೆ. ಬಾಗಿಲ ಹಿಂದೆ ತೂಗುಹಾಕಿದ ಚೀಲದಲ್ಲಿ ವೈದ್ಯರ ತುರ್ತು ಪತ್ರವಿತ್ತು. ಮಧುಮೇಹದವರ ಸಕ್ಕರೆ ಕುಸಿದಾಗ ಕೊಡುವ ಗ್ಲುಕಗಾನ್ ಚುಚ್ಚುಮದ್ದು ಈ ಮಕ್ಕಳಿಗೆ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಯಕೃತ್ತಿನಿಂದ ಸಕ್ಕರೆ ಬಿಡಿಸುವ ಮದ್ದು. ಇವರಿಗೆ ನೇರವಾಗಿ ರಕ್ತನಾಳಕ್ಕೇ ಗ್ಲೂಕೋಸ್ ಏರಿಸಬೇಕು. ಕಾಯಿಲೆಯ ಹೆಸರನ್ನೇ ಕೇಳದ ಡ್ಯೂಟಿ ಡಾಕ್ಟರಿಗೆ ನಡುರಾತ್ರಿಯಲ್ಲಿ ಇದನ್ನೆಲ್ಲ ವಿವರಿಸುತ್ತ ನಿಲ್ಲಬಾರದೆಂದೇ ಆ ಪತ್ರ.

ನನ್ನ ಪಾಳಿಯ ರಾತ್ರಿ ಎರಡು ಫೋನುಗಳಲ್ಲಿ ಅಲಾರಂ ಇಟ್ಟೆ. ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು ಆ ಮನೆಯವರು ಮಾಡಿಕೊಂಡಿದ್ದ ನಿಯಮ ಅದು. ಮೊದಲ ಸಲ ಮಗು ಕಣ್ಣು ಬಿಡದೆಯೇ ಕುಡಿದ. ಎರಡನೆಯ ಸಲ ಬಾಯಿ ಬಿಗಿದು, "ದೊಡ್ಡಮ್ಮ, ಅರ್ಧ ಸಾಕು" ಎಂದು ಚೌಕಾಸಿಗೆ ಇಳಿದ. ಹಗಲಿನಲ್ಲಾಗಿದ್ದರೆ ಬಿಟ್ಟುಕೊಡುತ್ತಿದ್ದೆನೋ ಏನೋ. ಅರ್ಧಕ್ಕೆ ನಿಲ್ಲಿಸಿದರೆ ಬೆಳಗಿನ ಜಾವದ ಸಕ್ಕರೆ ಎಲ್ಲಿಗೆ ಇಳಿಯುತ್ತದೆಂದು ಗೊತ್ತಿದ್ದರಿಂದ, ಬೆನ್ನು ಸವರುತ್ತ ಗುಟುಕು ಗುಟುಕಾಗಿ ಪೂರ್ತಿ ಕುಡಿಸಿ, ಹೊತ್ತನ್ನೂ ಗ್ರಾಮನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕುಡಿಸುವುದಕ್ಕಿಂತ ನಡುವಿನ ಗಂಟೆಗಳೇ ಕಷ್ಟ. ಮಗು ಗಾಢವಾಗಿ ಮಲಗಿದ್ದರೆ ಅದು ನಿದ್ದೆಯೋ ಸಕ್ಕರೆ ಇಳಿದ ಮಂಪರೋ ಎಂಬ ಅನುಮಾನ ಕಾಡುತ್ತದೆ. ಹಣೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತೀರಿ, ಸ್ವಲ್ಪ ಹೊತ್ತಿಗೆ ಮತ್ತೆ ನೋಡುತ್ತೀರಿ. ಪಕ್ಕದ ಕೋಣೆಯಲ್ಲಿದ್ದ ತಂಗಿ ಅಲಾರಂ ಸದ್ದಿಗೆ ಎದ್ದುಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಪೂರ್ತಿ ನಿದ್ದೆ ಸಿಕ್ಕಿದ್ದು ಮುಂದಿನ ಸಲ, ಇಬ್ಬರನ್ನೂ ಮನೆಯಿಂದಲೇ ಹೊರಗೆ ಕಳಿಸಿದಾಗ.

ಈಗ ನಮ್ಮ ಕುಟುಂಬದಲ್ಲಿ ಕೆಲಸ ಹಂಚಿಹೋಗಿದೆ. ತಂಗಿಯ ಗಂಡನ ತಮ್ಮ ಆಸ್ಪತ್ರೆಯ ಫೈಲು, ಬಿಲ್ಲು, ವಿಮೆಯ ಪತ್ರವ್ಯವಹಾರವನ್ನು ಪೂರ್ತಿಯಾಗಿ ವಹಿಸಿಕೊಂಡಿದ್ದಾನೆ. ಇದು ನಿಜಕ್ಕೂ ದೊಡ್ಡ ಸಹಾಯ, ಏಕೆಂದರೆ ಕಾಯಿಲೆಯಷ್ಟೇ ಕಾಗದಗಳೂ ಜನರನ್ನು ಹಣ್ಣು ಮಾಡುತ್ತವೆ. ಆದರೂ ಒಂದು ಚೂರು ಸಿಹಿ ತಿಂದರೆ ಏನಾಗುತ್ತದೆ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಸಕ್ಕರೆ ಇಳಿಯುವ ಮಗುವಿಗೆ ಸಿಹಿ ಒಳ್ಳೆಯದಲ್ಲವೇ ಎಂಬುದು ಅವರ ತರ್ಕ. ಸಿಹಿಯಲ್ಲಿರುವ ಹಣ್ಣಿನ ಮತ್ತು ಹಾಲಿನ ಸಕ್ಕರೆ ಇವನ ದೇಹದಲ್ಲಿ ಗ್ಲೂಕೋಸಾಗಿ ಹೊರಬರಲಾರದೆ ಲ್ಯಾಕ್ಟಿಕ್ ಆಮ್ಲವನ್ನು ಏರಿಸುತ್ತದೆ ಎಂದು ಒಮ್ಮೆ ಸಮಾಧಾನದಿಂದ ಹೇಳಬಹುದು. ಆಮೇಲೂ ಬಚ್ಚಿಟ್ಟು ತಿನ್ನಿಸುವವರನ್ನು ಮಗುವಿನೊಡನೆ ಒಬ್ಬರನ್ನೇ ಬಿಡಬಾರದು. ನಾನಂತೂ ಇದರಲ್ಲಿ ಮುಲಾಜು ನೋಡುವುದಿಲ್ಲ.

ಇಷ್ಟರಲ್ಲಿ ನಮ್ಮ ಲೆಕ್ಕಕ್ಕೇ ಬಾರದೆ ಉಳಿದವಳು ಮಗುವಿನ ಅಕ್ಕ. ಅವಳು ಯಾವುದಕ್ಕೂ ಹಟ ಮಾಡುವುದಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದೆವು. ಒಮ್ಮೆ ಅವಳು, ತಮ್ಮನ ಹಿಟ್ಟು ಕದಡುವುದನ್ನು ತನಗೂ ಕಲಿಸುವಂತೆ ಕೇಳಿದಳು. ಕಲಿತರೆ ಅಮ್ಮ ಶಾಲೆಯ ನಾಟಕಕ್ಕೆ ಬರಬಹುದಲ್ಲ ಎಂಬುದು ಅವಳ ಯೋಚನೆ. ಕಲಿಸಲಿಲ್ಲ, ಆ ಭಾರ ಅವಳದಲ್ಲ. ನಾಟಕ ಬರುವ ವಾರ ಇದೆ, ಅಪ್ಪ ಅಮ್ಮ ಇಬ್ಬರೂ ಹೋಗುತ್ತಾರೆ. ಮಗುವಿನ ತೂಕ ಹೆಚ್ಚಿರುವುದರಿಂದ ವೈದ್ಯರು ಹಿಟ್ಟಿನ ಅಳತೆ ಬದಲಿಸಿದ್ದಾರೆ. ತಂಗಿ ಹೊಸ ಅಳತೆಯನ್ನು ನಿನ್ನೆ ಕಳಿಸಿ, ಅದನ್ನೇ ತಿರುಗಿ ಬರೆದು ಕಳಿಸುವಂತೆ ಹೇಳಿದಳು. ನಾನು ಕಳಿಸಿದ ಮೇಲೆಯೇ ಅವಳು ನಾಟಕದ ದಿನಕ್ಕೆ ರಜೆ ಹಾಕಿದ್ದು.