ವಾಸಿಯಾಗದ ಕಾಯಿಲೆ ಇರುವ ಮನೆಯಲ್ಲಿ ನಂಬಿಕೆ

"ಅಕ್ಕಾ, ದೇವರ ಮೇಲೆ ಸಿಟ್ಟು ಬಂದರೆ ಅದು ಪಾಪವಾ?" ಅಂತ ನಮ್ಮ ಚರ್ಚ್ ಸಭೆಯ ಒಬ್ಬ ತಂಗಿ ಕೇಳಿದ್ದಾಳೆ. ಅವಳ ಅಮ್ಮನಿಗೆ ಕ್ಯಾನ್ಸರ್. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವಳಿಗೆ ಮಾತ್ರ ಅಲ್ಲ. ಭಾನುವಾರ ದೇವಾಲಯಕ್ಕೆ ಬಂದು, ಎಲ್ಲರ ಜೊತೆ ಹಾಡಿ, ಎಲ್ಲರಿಗೂ ಕೈ ಮುಗಿದು, ಮನೆಗೆ ಹೋಗುವ ದಾರಿಯಲ್ಲಿ "ನನ್ನ ಪ್ರಾರ್ಥನೆ ಮಾತ್ರ ಯಾಕೆ ಕೇಳುವುದಿಲ್ಲ ಸ್ವಾಮೀ" ಅಂತ ಒಳಗೊಳಗೇ ಬೇಯುವ ಎಲ್ಲರಿಗೂ.

ನಮ್ಮ ಮನೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮವರಿಗೆ ಎರಡೂ ಕಿಡ್ನಿ ಹೋಗಿದೆ. ಶುಗರ್ ಮತ್ತು ಬಿಪಿ ಸೇರಿಕೊಂಡು ಸದ್ದಿಲ್ಲದೆ ಮಾಡಿದ ಕೆಲಸ. ಕಾಲು ಊದಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಂದಾಗಲೇ ನಮಗೆ ಗೊತ್ತಾಗಿದ್ದು. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಪ್ರತಿ ಸಲವೂ ನಾಲ್ಕು ಗಂಟೆ. ಕಿಡ್ನಿ ಹೊರಗೆ ಹಾಕಬೇಕಾದ ನೀರು ಮೈಯಲ್ಲೇ ನಿಲ್ಲುವುದರಿಂದ ದಿನಕ್ಕೆ ಇಷ್ಟೇ ಕುಡಿಯಬೇಕು ಅಂತ ಲೆಕ್ಕ ಇರುತ್ತದೆ. ಚಹಾ, ಸಾರು, ಮಾತ್ರೆ ನುಂಗುವ ನೀರು, ಎಲ್ಲವೂ ಆ ಲೆಕ್ಕದಲ್ಲೇ. ಗಂಜಿಯೂ ಅಷ್ಟೇ. ಮಂಗಳೂರು ಕಡೆಯವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಹುಷಾರಿಲ್ಲದವರಿಗೆ ನಾವು ಮೊದಲು ಕೊಡುವುದೇ ಕುಚ್ಚಲಕ್ಕಿ ಗಂಜಿ ಮತ್ತು ಬೊಂಡ, ಅಂದರೆ ಎಳನೀರು. ಬೊಂಡ ಮುಟ್ಟುವ ಹಾಗೇ ಇಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಬಾಳೆಹಣ್ಣೂ ಇಲ್ಲ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಪಲ್ಯ ಮಾಡಬೇಕು. ಉಪ್ಪು ಹೆಸರಿಗೆ ಮಾತ್ರ. ಮಾರ್ಚ್ ಏಪ್ರಿಲ್‌ನ ಸೆಕೆಯಲ್ಲಿ ಬಾಯಾರಿಕೆ ತಡೆಯಲಾಗದೆ ಇವರು ಐಸಿನ ಚೂರು ಬಾಯಲ್ಲಿಟ್ಟುಕೊಂಡು ಕೂತಿರುವಾಗ, ಒಂದು ಲೋಟ ನೀರು ಕೊಡಲಾಗದ ಹೆಂಡತಿಯ ಸಂಕಟ ಹೇಗಿರುತ್ತದೆ ಅಂತ ಬರೆದು ತಿಳಿಸುವುದು ಕಷ್ಟ.

ಇದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಕೆಲವು ಮಾತುಗಳು.

ಬೇರೆ ಊರಿಂದ ಬಂದಿದ್ದ ಒಬ್ಬ ಪ್ರಸಂಗಿ ಇವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮನೆಯಲ್ಲಿ ಒಪ್ಪಿಕೊಳ್ಳದ ಪಾಪ ಏನಾದರೂ ಇದೆಯಾ ಸಿಸ್ಟರ್? ಇಲ್ಲದಿದ್ದರೆ ಬಿಡುಗಡೆ ಆಗಬೇಕಿತ್ತು" ಅಂದರು. ಇನ್ನೊಬ್ಬರು ಇದನ್ನೂ ಮೀರಿಸಿ, "ಪೂರ್ತಿ ನಂಬಿಕೆ ಇದ್ದರೆ ಡಯಾಲಿಸಿಸ್ ನಿಲ್ಲಿಸಿ ನೋಡಿ, ಮೆಷಿನ್ ಮೇಲೆ ಭರವಸೆ ಇಟ್ಟರೆ ದೇವರು ಹೇಗೆ ಕೆಲಸ ಮಾಡುತ್ತಾರೆ" ಅಂದರು. ಇದಕ್ಕೆ ನೇರವಾಗಿ ಹೇಳುತ್ತೇನೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಡಯಾಲಿಸಿಸ್ ತಪ್ಪಿಸಿದರೆ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ, ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಆ ಮೆಷಿನ್ ಕಂಡುಹಿಡಿಯುವ ಬುದ್ಧಿಯನ್ನು ಮನುಷ್ಯನಿಗೆ ಕೊಟ್ಟವರೂ ದೇವರೇ. ನಾನು ಪ್ರತಿ ಸಲ ನರ್ಸ್ ಸೂಜಿ ಚುಚ್ಚುವಾಗ ಆ ಹುಡುಗಿಯ ಕೈಗಾಗಿ ಪ್ರಾರ್ಥಿಸುತ್ತೇನೆ. ಇದು ನಂಬಿಕೆ ಕಡಿಮೆ ಆಗಿದ್ದರಿಂದ ಮಾಡುವ ಪ್ರಾರ್ಥನೆ ಅಲ್ಲ.

ಆ ಪ್ರಸಂಗಿಯ ಮಾತು ಎಷ್ಟೋ ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅದಕ್ಕೇ ಸತ್ಯವೇದದಲ್ಲಿ ಕಾಯಿಲೆ ಬಿದ್ದವರನ್ನು ಹುಡುಕಲು ಶುರು ಮಾಡಿದೆ. ಯೇಸು ವಾಸಿಮಾಡಿದವರು ನಮಗೆಲ್ಲ ಗೊತ್ತು. ಸಂಡೇ ಸ್ಕೂಲಿನಿಂದ ಕೇಳಿದ್ದೇವೆ. ನಾನು ಹುಡುಕಿದ್ದು ವಾಸಿಯಾಗದವರನ್ನು.

ಅವರು ಅಲ್ಲಿದ್ದಾರೆ! ಅಪೊಸ್ತಲ ಪೌಲನ ಬೆವರು ಒರೆಸಿದ ಬಟ್ಟೆ ತಗೊಂಡು ಹೋಗಿ ಇಟ್ಟರೂ ರೋಗಿಗಳು ಗುಣವಾದರು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇದೆ. ಅದೇ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ, ಜೊತೆಗಾರ ತ್ರೊಫಿಮನಿಗೆ ಹುಷಾರಿರಲಿಲ್ಲ, ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಅನ್ನುತ್ತಾನೆ. ಅಷ್ಟೇ. ತ್ರೊಫಿಮನ ನಂಬಿಕೆ ಸಾಲದಾಯಿತು ಅಂತ ಇಲ್ಲ. ಅವನು ಪಾಪ ಮಾಡಿದ್ದ ಅಂತಲೂ ಇಲ್ಲ. ತಿಮೊಥೆಗೇ ಪದೇಪದೇ ಅಸ್ವಸ್ಥತೆ, ಹೊಟ್ಟೆಯ ತೊಂದರೆ. ಅವನಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಮನೆಮದ್ದು ಹೇಳುತ್ತಾನೆ. ಪೌಲನ ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸಾಯುವ ಹಾಗಾಗಿದ್ದ. ದೇವರು ಕರುಣಿಸಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಅಂತ ಪೌಲ ಬರೆಯುತ್ತಾನೆ. ಅಂದರೆ ಆ ಗೆಳೆಯನ ಹಾಸಿಗೆಯ ಹತ್ತಿರ ಪೌಲನಿಗೂ ಭಯ ಆಗಿತ್ತು ಅಲ್ವಾ? ಇನ್ನು ಪೌಲನ ಶರೀರದಲ್ಲಿ ನಾಟಿದ್ದ ಆ ಮುಳ್ಳು, ಅಂದರೆ ಅವನನ್ನು ಬಿಡದೆ ಕಾಡುತ್ತಿದ್ದ ಒಂದು ಬಾಧೆ. ತೆಗೆದುಬಿಡು ಅಂತ ಮೂರು ಸಾರಿ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು.

ಹುಟ್ಟು ಕುರುಡನನ್ನು ತೋರಿಸಿ "ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಯೋ" ಅಂತ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ. ಇಬ್ಬರೂ ಅಲ್ಲ ಅಂತ ಯೇಸು ಹೇಳಿದರು. ಯೋಹಾನನ ಒಂಬತ್ತನೆಯ ಅಧ್ಯಾಯ. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಇವತ್ತಿಗೂ ರೋಗಿಯ ಮನೆಗೆ ಹೋಗಿ ಅದನ್ನೇ ಕೇಳುತ್ತಿದ್ದೇವೆ. ಇದು ನಿಲ್ಲಬೇಕು.

ಈಗ ಸಿಟ್ಟಿನ ವಿಷಯ. ತಂಗೀ, ನಿನಗೆ ಮಾತ್ರ ಸಿಟ್ಟು ಬಂದಿದ್ದಲ್ಲ. ಕೀರ್ತನೆಗಳ ಪುಸ್ತಕ ತೆಗೆದು ನೋಡು. ನಾವು ದೇವಾಲಯದಲ್ಲಿ ಹಾಡುವುದು ಹೆಚ್ಚಾಗಿ ಸ್ತೋತ್ರದ ಕೀರ್ತನೆಗಳನ್ನೇ. ಆದರೆ ಒಟ್ಟು 150ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮೊರೆ, ಗೋಳು, ದೂರು. 13ನೆಯ ಕೀರ್ತನೆಯಲ್ಲಿ ದಾವೀದ ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳುತ್ತಾನೆ. ಕೊನೆಗೆ ಹಾಡುತ್ತಾನೆ, ಸರಿ. ಆದರೆ 88ನೆಯ ಕೀರ್ತನೆ ಓದಿದ್ದೀಯಾ? ಅದರಲ್ಲಿ ಕೊನೆಗೂ ಬೆಳಕು ಬರುವುದಿಲ್ಲ. ಹಗಲೂ ರಾತ್ರಿ ಕೂಗುತ್ತೇನೆ, ನೀನು ಯಾಕೆ ಮುಖ ಮರೆಸಿಕೊಂಡಿದ್ದೀ, ನನ್ನ ಪ್ರಿಯರನ್ನೂ ದೂರ ಮಾಡಿದ್ದೀ ಅಂತ ಹೇಳಿ, ಕತ್ತಲೆಯ ಮಾತಿನಲ್ಲೇ ಅದು ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇರಗೊಟ್ಟರು. ಯಾರೂ ಅದರ ಕೊನೆಗೆ ಸಮಾಧಾನದ ಒಂದು ಸಾಲು ಸೇರಿಸಲಿಲ್ಲ. ನನಗೆ ಇದು ದೊಡ್ಡ ಆಸರೆ. ಮಾತು ಹೊರಡದ ದಿನ ನಾನು ಆ ಕೀರ್ತನೆಯನ್ನೇ ಓದಿ ಆಮೆನ್ ಅನ್ನುತ್ತೇನೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯನ್ನು ನಾವು ತಾಳ್ಮೆಯ ಕಥೆ ಅಂತಲೇ ಕಲಿತಿದ್ದೇವೆ. ಮೊದಲ ಎರಡು ಅಧ್ಯಾಯದ ಮಟ್ಟಿಗೆ ಅದು ಸರಿ. ಮೂರನೆಯ ಅಧ್ಯಾಯದಿಂದ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಅವನ ಗೆಳೆಯರು ಮೂವರೂ ದೇವರ ಪರವಾಗಿ ಎಷ್ಟು ಚೆಂದ ಮಾತಾಡುತ್ತಾರೆ ಅಂದರೆ, ಕೆಲವು ಸಾಲುಗಳನ್ನು ಗೋಡೆಗೆ ತೂಗುಹಾಕಬಹುದು. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬರುವುದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ದಾಸನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾರೆ. ಯೋಬ ದೂರಿದ್ದು ದೇವರ ಬಗ್ಗೆ ಬೇರೆಯವರ ಹತ್ತಿರ ಮಾತ್ರ ಅಲ್ಲ, ದೇವರ ಹತ್ತಿರವೇ. ಅವರು ದೇವರ ಬಗ್ಗೆ ಮಾತಾಡಿದರು, ಇವನು ದೇವರ ಜೊತೆ ಮಾತಾಡಿದ. ನನ್ನ ಲೆಕ್ಕದಲ್ಲಿ ನಂಬಿಕೆ ಅಂದರೆ ಇದೇ. ಸಿಟ್ಟು ಬಂದಾಗಲೂ ದೇವರ ಮುಂದೆಯೇ ಕೂತಿರುವುದು. ನಂಬಿಕೆ ಹೋಗಿಬಿಟ್ಟವರು ಜಗಳ ಆಡುವುದಿಲ್ಲ, ಮಾತು ಬಿಟ್ಟುಬಿಡುತ್ತಾರೆ.

ಶಿಲುಬೆಯ ಮೇಲೆ ನಮ್ಮ ಕರ್ತನೂ 22ನೆಯ ಕೀರ್ತನೆಯ ಮೊದಲ ಸಾಲನ್ನೇ ಕೂಗಿದರು. ಯಾಕೆ ಕೈಬಿಟ್ಟಿದ್ದೀ ಅಂತ. ಆ ಪ್ರಶ್ನೆ ಪಾಪವಾಗಿದ್ದರೆ ಅವರ ಬಾಯಿಂದ ಬರುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ ನಾನೇನೂ ಹೇಳಬೇಕಾಗಿಲ್ಲ.

ಹಾಗಾದರೆ ವಾಸಿಗಾಗಿ ಪ್ರಾರ್ಥಿಸಬಾರದಾ ಅಂತ ಕೇಳಬಹುದು. ಖಂಡಿತ ಪ್ರಾರ್ಥಿಸಬೇಕು, ನಾವೂ ಮಾಡುತ್ತೇವೆ. ಯಾಕೋಬನ ಪತ್ರದಲ್ಲಿ ಹೇಳಿದ ಹಾಗೆ ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿದ್ದೇವೆ. ಉಪವಾಸ ಪ್ರಾರ್ಥನೆ ಮಾಡಿದ್ದೇವೆ. ಕಿಡ್ನಿ ಕಸಿಗೆ ಹೆಸರು ಬರೆಸಿ ಕಾಯುತ್ತಿದ್ದೇವೆ, ಅದಕ್ಕೂ ಪ್ರಾರ್ಥನೆ ಇದೆ. ಬೇಡುವುದನ್ನು ನಾನು ನಿಲ್ಲಿಸಿಲ್ಲ. ಬೇಡಿದ್ದು ಸಿಕ್ಕಿದರೆ ಮಾತ್ರ ದೇವರು ಒಳ್ಳೆಯವರು ಅನ್ನುವುದನ್ನು ನಿಲ್ಲಿಸಿದ್ದೇನೆ. ಇದು ಒಂದೇ ದಿನಕ್ಕೆ ಆಗಲಿಲ್ಲ. ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುತ್ತೇನೆ ಅನ್ನುವ ಮಾತಿದೆ. ಇದನ್ನು ಮದುವೆ ಮನೆಗಳಲ್ಲಿ ಕೂಡ ಓದುವುದನ್ನು ಕೇಳಿದ್ದೇನೆ. ಆದರೆ ಈ ಪುಸ್ತಕ ಶುರುವಾಗುವುದು "ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದಿಲ್ಲ" ಅನ್ನುವ ದೂರಿನಿಂದ. ಮೊದಲ ಅಧ್ಯಾಯ ದಾಟದೆ ಮೂರನೆಯದು ಸಿಗುವುದಿಲ್ಲ. ಅಳುತ್ತಿರುವವರನ್ನು ನಾವು ಸೀದಾ ಮೂರನೆಯ ಅಧ್ಯಾಯಕ್ಕೆ ಎಳೆದುಕೊಂಡು ಹೋಗುತ್ತೇವೆ, ಅದು ತಪ್ಪು.

ದಿನ ಹೇಗೆ ಕಳೆಯುತ್ತೀಯಾ ಅಂತಲೂ ಆ ತಂಗಿ ಕೇಳಿದಳು. ಇವತ್ತಿನದನ್ನು ಮಾತ್ರ ಕೇಳುತ್ತೇನೆ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ. ಇವರ ಕಾಯಿಲೆ ಬರುವವರೆಗೆ ಅದರಲ್ಲಿ ನಾನು ನಿಂತು ಯೋಚಿಸುವಂಥದ್ದು ಏನೂ ಇರಲಿಲ್ಲ, ಅಕ್ಕಿ ಡಬ್ಬ ತುಂಬಿರುತ್ತಿತ್ತು. ಈಗ ಮೂರು ವರ್ಷದ ನಂತರ ಏನು, ಮಕ್ಕಳ ಕಾಲೇಜು ಫೀಸ್ ಎಲ್ಲಿಂದ, ಇವರು ಇರುತ್ತಾರಾ ಅಂತ ಯೋಚಿಸಲು ಕೂತರೆ ಕೈಕಾಲು ತಣ್ಣಗಾಗುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನ ಸಿಕ್ಕಿದ್ದು ಹಾಗೇ, ಆಯಾ ದಿನಕ್ಕೆ ಬೇಕಾದಷ್ಟು. ಹೆದರಿಕೊಂಡು ನಾಳೆಗೆ ಎತ್ತಿಟ್ಟವರದ್ದು ಹುಳ ಬಿತ್ತು. ಹಾಗಾಗಿ ಬೆಳಿಗ್ಗೆ ಎದ್ದು ನಾನು ಕೇಳುವುದು ಇಷ್ಟು. ಇವತ್ತು ಬಿಪಿ ಇಳಿಯದಿರಲಿ. ಸೂಜಿ ಒಂದೇ ಸಲಕ್ಕೆ ಕೂರಲಿ. ಮನೆಗೆ ಬಂದ ಮೇಲೆ ಇವರಿಗೆ ಎರಡು ತುತ್ತು ಸೇರಲಿ. ನನಗೆ ಸಿಡುಕು ಬಾರದಿರಲಿ. ಅವತ್ತಿಗೆ ಬೇಕಾದದ್ದು ಅವತ್ತು ಸಿಕ್ಕಿದೆ, ಎಷ್ಟೋ ಸಲ ಸ್ವಲ್ಪ ಕಡಿಮೆಯೇ ಸಿಕ್ಕಿದೆ, ಆದರೂ ದಿನ ದಾಟಿದೆ.

ನಂಬಿಕೆಯಲ್ಲಿ ಬೆಳೆಯುವುದು ಅಂದರೆ ದೊಡ್ಡ ದೊಡ್ಡ ಅನುಭವ ಆಗಬೇಕು ಅಂತ ಹಿಂದೆ ಅಂದುಕೊಂಡಿದ್ದೆ. ಈಗ ಇವರನ್ನು ನೋಡಿದರೆ ಬೇರೆಯೇ ಕಾಣುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಗಟ್ಟಿತನ, ಅದರಿಂದ ನಿರೀಕ್ಷೆ ಅಂತ ಪೌಲ ಒಂದರ ಹಿಂದೆ ಒಂದು ಹೇಳುತ್ತಾನಲ್ಲ, ಅದು ನಮ್ಮ ಮನೆಯಲ್ಲಿ ತೀರಾ ಸಣ್ಣ ರೂಪದಲ್ಲಿ ನಡೆಯುತ್ತಿದೆ. ಮುಂಚೆ ಯಾರ ಹತ್ತಿರವೂ ಎರಡು ಮಾತಿಗಿಂತ ಜಾಸ್ತಿ ಆಡದ ಮನುಷ್ಯ ಈಗ ಪಕ್ಕದ ಹಾಸಿಗೆಗೆ ಹೊಸದಾಗಿ ಬಂದ ಹುಡುಗನಿಗೆ "ಹೆದರಬೇಡ ಮಾರಾಯ, ಮೊದಲ ತಿಂಗಳು ಮಾತ್ರ ಕಷ್ಟ" ಅಂತ ಧೈರ್ಯ ಹೇಳುತ್ತಾರೆ. ಹೊರಗೆ ಬೆಂಚಿನಲ್ಲಿ ಕಾಯುವ ನಾವೂ ಒಂದು ಸಭೆಯ ಹಾಗೆ ಆಗಿದ್ದೇವೆ. ಅಲ್ಲಿ ಒಬ್ಬರು ಬ್ಯಾರಿ ಅಮ್ಮ, ನಮ್ಮ ಕರಾವಳಿಯ ಮುಸ್ಲಿಮರು, ಇದ್ದಾರೆ, ಮಗನನ್ನು ಕರೆದುಕೊಂಡು ಬರುತ್ತಾರೆ. ನಿಮ್ಮ ಗಂಡನ ಹೆಸರು ಹೇಳಿ ದುವಾ ಮಾಡಿದ್ದೇನೆ ಮಗಳೇ ಅನ್ನುತ್ತಾರೆ. ನಾನೂ ಅವರ ಮಗನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಬಿಪಿಎಲ್ ಕಾರ್ಡ್ ಇರುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಿಂದ ಇದೆ ಅಂತ ನನಗೆ ಮೊದಲು ಹೇಳಿದ್ದೂ ಅವರೇ. ಗೊತ್ತಿಲ್ಲದವರು ವಿಚಾರಿಸಿ, ಖಾಸಗಿಯಲ್ಲಿ ಸಾಲ ಮಾಡಿ ಮುಳುಗಬೇಡಿ.

ನಮ್ಮ ಊರಿನ ಸಭೆಗಳ ಹಿಂದಿನವರೂ ಇದನ್ನೆಲ್ಲ ದಾಟಿಯೇ ಬಂದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಜ್ವರಕ್ಕೆ ಎಷ್ಟೋ ಜನ ಹೋದರು. ಆ ಮಿಶನ್‌ನ ಕಿಟೆಲ್ ಸಾಹೇಬರ ಹೆಂಡತಿ ಪಾಲೀನಾ ತೀರಿಕೊಂಡಿದ್ದು 1864ರಲ್ಲಿ, ಮದುವೆಯಾಗಿ ನಾಲ್ಕೇ ವರ್ಷಕ್ಕೆ. ಆಕೆಗಾಗಿ ಅವರೂ ಪ್ರಾರ್ಥಿಸಿರುತ್ತಾರೆ ಅಲ್ವಾ? ಅವರ ಕನ್ನಡ ನಿಘಂಟು ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ನಡುವಿನ ಮೂವತ್ತು ವರ್ಷ ಒಂದೊಂದೇ ಪದ ಬರೆದುಕೊಳ್ಳುತ್ತಾ ಹೋದ ಕೈಯನ್ನು ನಾನು ಆಗಾಗ ನೆನೆಯುತ್ತೇನೆ.

ಕೊನೆಗೆ, ನೋಡಲು ಬರುವವರಿಗೆ ಒಂದು ಮಾತು. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ, ಮೊದಲ ಏಳು ಹಗಲು ಏಳು ರಾತ್ರಿ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತಿದ್ದು. ನೀವೂ ಸುಮ್ನೆ ಬಂದು ಕೂತುಕೊಳ್ಳಿ. ಹಣ್ಣು ತರಬೇಡಿ, ನಮ್ಮಲ್ಲಿ ತಿನ್ನುವ ಹಾಗಿಲ್ಲ. ನಮ್ಮ ಸಭೆಯ ಒಬ್ಬರು ಮಾಮಿ ಶನಿವಾರ ಮಧ್ಯಾಹ್ನ ಉಪ್ಪಿಲ್ಲದ ನೀರುದೋಸೆ ಮಾಡಿ ತರುತ್ತಾರೆ, ಪಾತ್ರೆ ತೊಳೆದುಕೊಟ್ಟು ಹೋಗುತ್ತಾರೆ. ಬೇಕಾದರೆ ಒಂದು ಕೀರ್ತನೆ ಓದುತ್ತಾರೆ, ಇಲ್ಲದಿದ್ದರೆ ಇಲ್ಲ. ಇನ್ನೊಬ್ಬರು ರಿಕ್ಷಾ ಓಡಿಸುವವರು, ಮಳೆಗಾಲದಲ್ಲಿ ಬಾಡಿಗೆ ಬಿಟ್ಟು ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸುತ್ತಾರೆ. ದೇವರು ಎಲ್ಲಿದ್ದಾರೆ ಅಂತ ನನಗೆ ಅನ್ನಿಸಿದ ದಿನಗಳಲ್ಲಿ ಇವರು ಮನೆಗೆ ಬಂದಿದ್ದಾರೆ.

ತಂಗೀ, ಅಮ್ಮನ ಮುಂದಿನ ಕೀಮೋ ಯಾವತ್ತು ಅಂತ ತಿಳಿಸು. ಅವತ್ತು ನಾನು ಆಸ್ಪತ್ರೆಯಲ್ಲೇ ಇದ್ದರೆ ಹತ್ತಿರ ಬಂದು ಕೂರುತ್ತೇನೆ. ಇಲ್ಲದಿದ್ದರೆ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳುತ್ತೇವೆ. ಇದನ್ನು ಓದುವ ಬೇರೆ ಯಾರ ಮನೆಯಲ್ಲಾದರೂ ಹೀಗೆ ಇದ್ದರೆ ನೀವೂ ಬರೆಯಿರಿ, ನಿಮ್ಮ ಹೆಸರೂ ಸೇರಲಿ.