ಮೊದಲು ಮಣ್ಣು, ಆಮೇಲೆ ಹೆಜ್ಜೆ

"ಸಾರ್, ಬೆಂಕಿ ಹಚ್ಚೋದು ಎಷ್ಟನೇ ದಿನ ಹೇಳ್ಕೊಡ್ತೀರಾ?"

ಬೆಂಗಳೂರಿನಿಂದ ಫೋನ್ ಮಾಡುವವರಲ್ಲಿ ಮುಕ್ಕಾಲು ಮಂದಿ ಮೊದಲು ಕೇಳುವುದು ಇದನ್ನೇ. 2020ರಲ್ಲಿ, ಕಾಡಿನಲ್ಲಿ ಬದುಕುಳಿಯುವುದನ್ನು ಟಿವಿಯಲ್ಲಿ ತೋರಿಸುವ ಬೇರ್ ಗ್ರಿಲ್ಸ್ ಜತೆ ರಜನಿಕಾಂತ್ ಬಂಡೀಪುರದಲ್ಲಿ ಶೂಟಿಂಗ್ ಮಾಡಿಕೊಂಡು ಹೋದ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ಎಷ್ಟನೇ ದಿನವೂ ಇಲ್ಲ ಕಣಪ್ಪ. ಫೆಬ್ರವರಿ ಹೊತ್ತಿಗೆ ನಮ್ಮ ಕಡೆ ಹುಲ್ಲು, ಬಿದಿರು, ಲಂಟಾನ ಎಲ್ಲ ಒಣಗಿ ನಿಂತಿರುತ್ತವೆ. ಒಂದು ಬೀಡಿ ತುಂಡು ಸಾಕು ಗುಡ್ಡಕ್ಕೆ ಗುಡ್ಡವೇ ಉರಿಯಲು. ಅಂಥ ಜಾಗದಲ್ಲಿ ಕಡ್ಡಿ ಉಜ್ಜಿ ಬೆಂಕಿ ಮಾಡುವುದನ್ನು ಹೇಳಿಕೊಡುವವನಿಗೆ ತಲೆ ಕೆಟ್ಟಿರಬೇಕು. ಹುಳ ತಿನ್ನಿಸುವುದೂ ಇಲ್ಲ. ನಾನು ಕಲಿಸುವುದು ನೆಲ ನೋಡಿ ಪ್ರಾಣಿಗಳ ಹೆಜ್ಜೆ ಗುರುತು ಓದುವುದನ್ನು, ಓದಿ ಯಾವಾಗ ವಾಪಸ್ ತಿರುಗಬೇಕು ಅನ್ನುವುದನ್ನು.

ನಮ್ಮದು ತಾಳವಾಡಿ ಪಕ್ಕದ ಹಳ್ಳಿ. ಜಿಲ್ಲೆ ಈರೋಡ್, ರೇಷನ್ ಕಾರ್ಡ್ ತಮಿಳಿನಲ್ಲಿ, ಮನೆಮಾತು ಕನ್ನಡ, ಸಂತೆ ಸಾಮಾನಿಗೆ ಚಾಮರಾಜನಗರ. ಸುತ್ತ ಸತ್ಯಮಂಗಲದ ಕಾಡು. 2013ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು, 1,400 ಚದರ ಕಿಲೋಮೀಟರಿಗೂ ಮಿಗಿಲು. ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ, ಇಡಲೂಬಾರದು. ಹಾಗಾಗಿ ನನ್ನ ಪಾಠವೆಲ್ಲ ನಮ್ಮ ಹೊಲದ ಬದು, ಗಾಡಿ ಜಾಡು, ಬತ್ತಿದ ಕೆರೆ ಅಂಗಳದಲ್ಲೇ. ಕೋಸು ಹಾಕಿದ ವರ್ಷ ಆನೆಗಳೇ ಪಾಠಕ್ಕೆ ಬರುತ್ತವೆ.

ಮೊದಲ ಬೆಳಗ್ಗೆ ಪ್ರಾಣಿಯ ಮಾತೇ ಎತ್ತುವುದಿಲ್ಲ. ಬಂದವರ ಚಪ್ಪಲಿ ಬಿಚ್ಚಿಸಿ, ಉತ್ತ ಹೊಲ, ಗಾಡಿ ಜಾಡಿನ ಧೂಳು, ಕೆರೆಯ ಹಸಿ ಕೆಸರು ಮೂರರ ಮೇಲೂ ನಡೆಸುತ್ತೇನೆ. ಆಮೇಲೆ ಸ್ಕೇಲ್ ಕೊಟ್ಟು ಅವರವರ ಪಾದವನ್ನೇ ಅಳೆಯಿರಿ ಅನ್ನುತ್ತೇನೆ. ಧೂಳಿನಲ್ಲಿ ಒಂದು ಅಳತೆ, ಕೆಸರಿನಲ್ಲಿ ಇನ್ನೊಂದು. ಜಾರಿದ ಕಡೆ ಹೆಬ್ಬೆರಳು ಎರಡು ಪಾಲು ಉದ್ದ. ಓಡಿ ಬನ್ನಿ ಅಂದರೆ ಹಿಮ್ಮಡಿಯೇ ಕಾಣಿಸುವುದಿಲ್ಲ. ತನ್ನ ಕಾಲೇ ತನಗೆ ಗುರುತು ಸಿಗದವನು ಹುಲಿ ಗಂಡೋ ಹೆಣ್ಣೋ ಅಂತ ಹೇಳಲು ಹೊರಟರೆ ಹೇಗೆ?

ಇದನ್ನು ನಗೆಚಾಟಿಕೆಗೆ ಹೇಳುತ್ತಿಲ್ಲ. ದೇಶದ ಹುಲಿ ಲೆಕ್ಕವೇ ಬಹಳ ಕಾಲ ಹೆಜ್ಜೆ ಗುರುತಿನ ಮೇಲೆ ನಿಂತಿತ್ತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಢಿಗೆ ತಂದ ಕ್ರಮ ಅದು. ಹೆಜ್ಜೆಯ ಮೇಲೆ ಗಾಜು ಹಿಡಿದು ಗೆರೆ ಎಳೆದುಕೊಳ್ಳುವುದು, ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆಯುವುದು, ಅಚ್ಚಿನ ಆಕಾರ ನೋಡಿ ಇದು ಈ ಹುಲಿ, ಅದು ಆ ಹುಲಿ ಅಂತ ಎಣಿಸುವುದು. ಈ ಲೆಕ್ಕ ನಂಬುವಂಥದ್ದಲ್ಲ ಎಂದು ನಮ್ಮ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಿಂದಲೇ ಹೇಳುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. 2006ರ ಗಣತಿಯಿಂದ ಕ್ಯಾಮೆರಾ ಬಂತು, ಪಟ್ಟೆ ನೋಡಿ ಎಣಿಸುವುದು ಶುರುವಾಯಿತು. ಅದಕ್ಕೆ ಹೆಜ್ಜೆ ಸುಳ್ಳು ಅನ್ನಬೇಕಾಗಿಲ್ಲ. ಹೆಜ್ಜೆಯನ್ನು ಆಧಾರ್ ಕಾರ್ಡ್ ಅಂದುಕೊಂಡದ್ದು ತಪ್ಪು. ಇಲ್ಲಿ ಹುಲಿ ಹೋಗಿದೆ, ಈ ದಿಕ್ಕಿಗೆ ಹೋಗಿದೆ, ಇಷ್ಟು ಹೊತ್ತಾಗಿದೆ. ಇಷ್ಟನ್ನು ಹೆಜ್ಜೆ ಹೇಳುತ್ತದೆ. ನಡೆದು ಹೋಗುವವನಿಗೆ ಅಷ್ಟು ಸಾಕು.

ಆ "ಎಷ್ಟು ಹೊತ್ತಾಯ್ತು" ಅನ್ನುವುದೇ ನಿಜವಾದ ವಿದ್ಯೆ. ನನಗೆ ಅದನ್ನು ಕಲಿಸಿದವರು ಹಾಸನೂರು ಕಡೆಯ ಒಬ್ಬ ಊರಾಳಿ ಬುಡಕಟ್ಟಿನ ತಾತ. ಚಿಕ್ಕವನಿದ್ದಾಗ ನಾನು ಆನೆ ಹೆಜ್ಜೆ ತೋರಿಸಿ "ಆನೆ ತಾತ, ಆನೆ" ಅಂತ ಕುಣಿದರೆ, ಅವರು ಬೀಡಿ ಕಚ್ಚಿಕೊಂಡೇ, "ಆನೆ ಅಂತ ಕುರುಡನೂ ಹೇಳ್ತಾನೆ, ಯಾವಾಗ ಹೋಯ್ತು ಹೇಳು" ಅನ್ನುತ್ತಿದ್ದರು.

ಬದುವಿನ ಮೇಲೆ ಸಿಕ್ಕ ಒಂದು ಆನೆ ಹೆಜ್ಜೆಯನ್ನೇ ನೋಡೋಣ. ದುಂಡಗಿದ್ದರೆ ಮುಂಗಾಲು, ಉದ್ದಕ್ಕಿದ್ದರೆ ಹಿಂಗಾಲು. ಹಿಂಗಾಲು ಹೆಚ್ಚಾಗಿ ಮುಂಗಾಲಿನ ಗುರುತನ್ನು ಅರ್ಧ ಮುಚ್ಚಿಕೊಂಡು ಬೀಳುತ್ತದೆ. ಉಗುರಿನ ಅಂಚು ಒತ್ತಿದ ಕಡೆ ಮುಂದು. ಮುಂಗಾಲಿನ ಗುರುತಿನ ಸುತ್ತ ಹಗ್ಗ ಹಾಕಿ, ಆ ಉದ್ದವನ್ನು ಎರಡು ಪಟ್ಟು ಮಾಡಿದರೆ ಹೆಚ್ಚುಕಡಿಮೆ ಭುಜದ ಎತ್ತರ ಸಿಗುತ್ತದೆ. ಹುಡುಗರಿಗೆ ಇದು ಬಹಳ ಇಷ್ಟ; ಹಗ್ಗ ಎತ್ತಿ ಹಿಡಿದು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾರೆ.

ಇನ್ನು ಹೊತ್ತು. ಪಾದದ ಬಿರುಕುಗಳ ಗೆರೆ ಧೂಳಿನಲ್ಲಿ ಚೂಪಾಗಿದ್ದರೆ ಹೊಸದು, ಗಾಳಿಗೆ ಮಾಸಿದ್ದರೆ ಹಳೆಯದು. ಇಬ್ಬನಿ ಬಿದ್ದು ಧೂಳಿನ ಮೇಲೆ ಸಣ್ಣ ಕೆನೆ ಕಟ್ಟಿದೆ, ಅದು ಹೆಜ್ಜೆಯೊಳಗೂ ಇದೆ ಅಂದರೆ ಇಬ್ಬನಿಗೆ ಮುಂಚೆ ಹೋಗಿದೆ. ಹೆಜ್ಜೆ ಕೆನೆಯನ್ನು ಒಡೆದಿದ್ದರೆ ಈಗ ಬೆಳಗಿನ ಜಾವದ್ದು, ಮಾತು ನಿಲ್ಲಿಸಿ ಸುತ್ತ ನೋಡಿ. ರಾತ್ರಿ ಹುಳ ಹರಿದ ಗೆರೆ ಹೆಜ್ಜೆಯ ಮೇಲೆ ಹಾದಿದೆಯೋ, ಹೆಜ್ಜೆ ಗೆರೆಯನ್ನು ತುಳಿದಿದೆಯೋ ಅದನ್ನೂ ನೋಡಬೇಕು. ಪಕ್ಕದಲ್ಲಿ ಲದ್ದಿ ಇದ್ದರೆ ಮುರಿದು ಒಳಗೆ ಬೆರಳಿಡಿ. ಬೆಚ್ಚಗಿದ್ದರೆ ಪಾಠ ಅವತ್ತಿಗೆ ಮುಗಿಯಿತು, ಬಂದ ದಾರಿಯಲ್ಲೇ ವಾಪಸ್. ಕೆಲವರಿಗೆ ಇದು ಬೇಸರ. ದುಡ್ಡು ಕೊಟ್ಟಿದ್ದೀವಲ್ಲ ಅನ್ನುವ ಮುಖ ಮಾಡುತ್ತಾರೆ. ಮಾಡಲಿ.

ಎಲ್ಲರೂ ಹುಲಿಗೆ ಹೆದರುತ್ತಾರೆ. ನನಗೆ ಭಯ ಕರಡಿಯದ್ದು. ಲಂಟಾನ ಮೆಳೆಯಲ್ಲಿ ಮೂರು ಮಾರು ಆಚೆ ಇದ್ದರೂ ಕಾಣಿಸುವುದಿಲ್ಲ. ತಲೆ ತಗ್ಗಿಸಿ ಮೇಯುತ್ತಿರುವಾಗ ನೀವು ಹತ್ತಿರ ಬಂದದ್ದು ಅದಕ್ಕೂ ಗೊತ್ತಾಗುವುದಿಲ್ಲ, ಗಾಬರಿಬಿದ್ದು ಮೇಲೆ ಬೀಳುತ್ತದೆ. ಅದರ ಹಿಂಗಾಲಿನ ಗುರುತು ಥೇಟ್ ಮಗುವಿನ ಪಾದದ ಹಾಗೆ, ಮುಂಗಾಲಿನದಾದರೆ ಬೆರಳಿಂದ ಮುಂದಕ್ಕೆ ಉಗುರಿನ ತೂತುಗಳು. ಕಕ್ಕೆ ಬೀಜ, ಎಲಚಿ ಬೀಜ ತುಂಬಿದ ಹಿಕ್ಕೆ, ಅಗೆದ ಹುತ್ತ ಕಂಡರೆ ಜೋರಾಗಿ ಮಾತಾಡಿಕೊಂಡು, ಬಯಲಿರುವ ಕಡೆಗೆ ನಡೆಯಿರಿ. ಆನೆಗೆ ಮಾತ್ರ ಈ ಉಪಾಯ ಬೇಡ. ಅಲ್ಲಿ ಸದ್ದಿಲ್ಲದೆ ಹಿಂದೆ ಸರಿಯಬೇಕು. ಒಂದು ಚಿಟಿಕೆ ಧೂಳು ಬಿಟ್ಟು ಗಾಳಿ ಯಾವ ಕಡೆಗಿದೆ ನೋಡಿಕೊಳ್ಳಿ, ನಿಮ್ಮ ವಾಸನೆ ಅದರ ಕಡೆ ಹೋಗಬಾರದು.

ದಕ್ಷಿಣ ಆಫ್ರಿಕಾದಲ್ಲಿ ಲೂಯಿಸ್ ಲೀಬೆನ್‌ಬರ್ಗ್ ಎನ್ನುವವರು ಓದು ಬರಹ ಬಾರದ ಜಾಡುಗಾರರಿಗಾಗಿಯೇ ಸೈಬರ್‌ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಮಾಡಿಸಿದರು. ಚಿತ್ರ ಒತ್ತಿದರೆ ಸಾಕು, ಯಾವ ಪ್ರಾಣಿ ಎಲ್ಲಿ ಏನು ಮಾಡಿತು ಎಂಬುದು ದಾಖಲಾಗುತ್ತದೆ. ಜಾಡು ಬಲ್ಲವನ ಮಾತು ಅವನ ಲೆಕ್ಕದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಹಾಗಿಲ್ಲ. ಒಮ್ಮೆ ಒಂದು ಸಂಸ್ಥೆಯವರು ನನ್ನನ್ನೂ ತಾತನನ್ನೂ ಶಿಬಿರಕ್ಕೆ ಕರೆದಿದ್ದರು. ಡಿಗ್ರಿ ಇರುವ ನನಗೆ ಚೆಕ್ಕು. ದಿನವಿಡೀ ಪಾಠ ಮಾಡಿದ ತಾತನಿಗೆ ಊಟ, ಒಂದು ಶಾಲು. ತಾತ ಶಾಲು ಮೂಸಿ ನೋಡಿ, "ಇದನ್ನ ಹೊದ್ಕೊಂಡು ಕಾಡಿಗೆ ಹೋದ್ರೆ ಆನೆ ಊರಿಂದಾನೇ ಓಡ್ಸ್ಕೊಂಡು ಬತ್ತದೆ" ಅಂದರು. ಅಂದಿನಿಂದ ಫೀಸಿನ ಅರ್ಧ ತಾತನದು. ಚೌಕಾಸಿ ಮಾಡುವವರು ಅವರ ಹತ್ತಿರವೇ ಮಾಡಬಹುದು.

ಬರುವುದಾದರೆ ಹಿಂಗಾರು ಮಳೆ ಮುಗಿದ ಮೇಲೆ ಬನ್ನಿ. ಡಿಸೆಂಬರ್, ಜನವರಿ ಒಳ್ಳೆಯದು, ಮಣ್ಣು ಹದವಾಗಿರುತ್ತದೆ. ಮಾರ್ಚ್ ಮೇಲೆ ನಾನು ಯಾರನ್ನೂ ಕರೆಯುವುದಿಲ್ಲ. ದಿಂಬಂ ಘಾಟಿನಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಕೊಯಮತ್ತೂರು ಕಡೆಯವರು ಹಗಲಲ್ಲೇ ಹತ್ತಿಬಿಡಿ. ಸೆಂಟು ಬೇಡ. ಬೆಳಗ್ಗೆ ಆರೂವರೆಗೆ ಬದುವಿನ ಮೇಲಿರಬೇಕು, ಬಿಸಿಲು ಓರೆಯಾಗಿರುವಾಗಲೇ ಹೆಜ್ಜೆಗೆ ನೆರಳು ಬೀಳುವುದು. ಒಂಬತ್ತಕ್ಕೆ ಎದ್ದು ಬರುವವರಿಗೆ ನನ್ನ ಹೆಂಡತಿ ಕಾಫಿ ಕೊಡುತ್ತಾಳೆ, ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ.